ನಾನು ತಿನ್ನದ ಸ್ಟ್ರಾಕಿನೊ

ಹೋದ ಶನಿವಾರ ಸಂತೆಯಲ್ಲಿ ನನ್ನ ಮೇಜಿನ ಮುಂದೆ ಒಬ್ಬರು ಆಂಟಿ ಬಂದು ನಿಂತರು. ಸಂತೆ ಎಂದರೆ ಇಲ್ಲಿನ ಫಾರ್ಮರ್ಸ್ ಮಾರ್ಕೆಟ್. ಏಪೆಕ್ಸ್ ಎಂಬ ಊರಿನ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಮೊಟ್ಟೆ, ಜೇನು, ಸೊಪ್ಪು ಮಾರುವವರ ನಡುವೆ ನನ್ನದೊಂದು ಐಸ್ ಪೆಟ್ಟಿಗೆ, ಅದರೊಳಗೆ ಬಿಳಿ ಕಾಗದದಲ್ಲಿ ಸುತ್ತಿದ ಚೌಕ ಚೌಕ ಚೀಸು. ಆಂಟಿ ಮೊದಲು ಚೀಸು ನೋಡಿದರು, ಆಮೇಲೆ ನನ್ನ ಕತ್ತಿನ ಕರಿಮಣಿ ನೋಡಿದರು, ಆಮೇಲೆ ಪಕ್ಕದಲ್ಲಿದ್ದ ಮಗನಿಗೆ, "ಲೋ, ಇವ್ರು ನಮ್ಮ ಕಡೆಯೋರ ಥರ ಇದಾರಲ್ಲೋ" ಎಂದರು.

"ನಿಮ್ಮ ಕಡೆಯೋಳೇ ಆಂಟಿ" ಎಂದೆ.

"ಅಯ್ಯೋ, ಕನ್ನಡ! ಇಲ್ಲಿ ನಿಂತ್ಕೊಂಡು ಚೀಸ್ ಮಾರ್ತಿದೀಯೇನಮ್ಮ?" ಆ ದನಿಯಲ್ಲಿ ಅರ್ಧ ಸಂತೋಷವಿತ್ತು, ಅರ್ಧ ಅಯ್ಯೋ ಪಾಪ ಇತ್ತು. ಮಗ ಮಧ್ಯೆ ಬಾಯಿ ಹಾಕಿ, "ಟೇಸ್ಟ್ ಹೇಗಿರತ್ತೆ ಇದು?" ಎಂದು ಕೇಳಿದ.

"ಗೊತ್ತಿಲ್ಲ. ನಾನು ತಿಂದಿಲ್ಲ."

ತಮಾಷೆ ಎಂದುಕೊಂಡು ಇಬ್ಬರೂ ನಕ್ಕರು, ಎರಡು ತೆಗೆದುಕೊಂಡರು, ಹೋದರು. ತಮಾಷೆಯಲ್ಲ, ನಿಜವಾಗಿಯೂ ತಿಂದಿಲ್ಲ. ಕೆಲವು ವರ್ಷಗಳಿಂದ ಇದನ್ನು ನಾನೇ ಮಾಡುತ್ತೇನೆ, ನಾನೇ ಮಗುಚುತ್ತೇನೆ, ನಾನೇ ಕಾಗದ ಸುತ್ತುತ್ತೇನೆ. ನಾಲಿಗೆಯ ಮೇಲೆ ಮಾತ್ರ ಒಮ್ಮೆಯೂ ಇಟ್ಟುಕೊಂಡಿಲ್ಲ.

ಇದರ ಹೆಸರು ಸ್ಟ್ರಾಕಿನೊ. ಉತ್ತರ ಇಟಲಿಯವರ ಹಳೆಯ ಚೀಸು. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದ ಹಸುಗಳು ಚಳಿಗಾಲಕ್ಕೆ ಮುಂಚೆ ಕೆಳಗಿಳಿದು ಬರುತ್ತಿದ್ದವಂತೆ. ನಡೆದು ನಡೆದು ಸುಸ್ತಾದ ಆ ಹಸುಗಳ ಹಾಲಿನಲ್ಲಿ ಮಾಡಿದ್ದರಿಂದ ಆ ಸೀಮೆಯ ಮಾತಿನಲ್ಲಿ 'ಸುಸ್ತಾದದ್ದು' ಎಂದೇ ಇದಕ್ಕೆ ಹೆಸರು. ಸಿಪ್ಪೆಯಿಲ್ಲ, ತೂತುಗಳಿಲ್ಲ. ಗಟ್ಟಿ ಮೊಸರಿಗಿಂತ ಗಟ್ಟಿ, ಬೆಣ್ಣೆಗಿಂತ ಮೆದು. ತಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಬದಿಗಳು ಮೆಲ್ಲಗೆ ಹೊಟ್ಟೆ ಬಿಡುತ್ತವೆ, ಊಟವಾದ ಮೇಲೆ ಜಗಲಿಯಲ್ಲಿ ಒರಗಿದ ಬೀಗರ ಹಾಗೆ. ರುಚಿಯೊಂದನ್ನು ಬಿಟ್ಟು ಬೇರೇನು ಕೇಳಿದರೂ ಹೇಳಬಲ್ಲೆ.

ತಿನ್ನದಿರುವುದಕ್ಕೆ ಕಾರಣ ಅದಕ್ಕೆ ಹಾಕುವ ಹೆಪ್ಪು. ನಾವು ಮೊಸರಿಗೆ ಮೊಸರನ್ನೇ ಹೆಪ್ಪು ಹಾಕುತ್ತೇವೆ. ಇದಕ್ಕೆ ಹಾಕುವುದು ರೆನೆಟ್, ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ನಾನು ಹುಟ್ಟಿದ ಮನೆಯಲ್ಲಿ ಅದು ನಡೆಯುವುದಿಲ್ಲ. ಕೈಗವಸು ಹಾಕಿಕೊಂಡು ಅಳತೆ ಮಾಡುತ್ತೇನೆ, ಬಿದ್ದ ಮೇಲೆ ಹಾಲು ಕಲಕುತ್ತೇನೆ, ಅಲ್ಲಿಗೆ ಮುಗಿಯಿತು. ನನ್ನ ಗಂಡ ಒಮ್ಮೆ, "ಮುಟ್ಟಬಹುದು, ತಿನ್ನಬಾರದು. ಇದ್ಯಾವ ಶಾಸ್ತ್ರ ಮಾರಾಯ್ತಿ?" ಎಂದು ಕೆಣಕಿದ. "ಸಂಬಳದ ಶಾಸ್ತ್ರ" ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಈಗಲೂ ಹೊಳೆದಿಲ್ಲ.

ಹುಟ್ಟಿದ ಮನೆ ಎಂದೆನಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಅರಕಲಗೂಡು ಕಡೆಯ ಅಡುಗೆಭಟ್ಟರು. ಮದುವೆ, ಮುಂಜಿ, ಸಮಾರಾಧನೆ, ತಿಥಿ, ಯಾರು ಕರೆದರೂ ಸೌಟು, ಜಾಲರಿ ಚೀಲಕ್ಕೆ ತುಂಬಿಕೊಂಡು ಹೊರಡುವವರು. ದೇವರಿಗೆ ನೈವೇದ್ಯವಾಗುವವರೆಗೆ ಅಡುಗೆಯ ರುಚಿ ನೋಡುವಂತಿಲ್ಲ, ಬೇಕೆಂದು ಮೂಸುವಂತೆಯೂ ಇಲ್ಲ. ಐನೂರು ಎಲೆಯ ಸಾರಿಗೆ ಉಪ್ಪು ಹಾಕಿ, ಒಂದು ತೊಟ್ಟೂ ನಾಲಿಗೆಗೆ ತಾಗಿಸದೆ, "ಸರಿಯಾಗಿದೆ, ಇಳಿಸು" ಎನ್ನುತ್ತಿದ್ದರು. ಹೇಗೆ ಗೊತ್ತಾಗುತ್ತಿತ್ತೋ! ನೊರೆ ಒಡೆಯುವ ರೀತಿ ನೋಡುತ್ತೇನೆ ಎನ್ನುತ್ತಿದ್ದರು, ಕುದಿಯುವ ಸದ್ದು ಕೇಳುತ್ತೇನೆ ಎನ್ನುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿ ಆ ಒಲೆಗಳ ಹತ್ತಿರ ಸುಳಿಯುವಂತಿರಲಿಲ್ಲ, ನಮ್ಮ ಮನೆಯೊಳಗೂ ಬರುವಂತಿರಲಿಲ್ಲ. ನಾನು ಮೊದಲು ಈರುಳ್ಳಿ ತಿಂದದ್ದು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ. ಉಪ್ಪಿಟ್ಟಿನಲ್ಲಿ ಏನೋ ಕೊಳೆತಿದೆ ಎಂದು ವಾರ್ಡನ್ನಿಗೆ ದೂರು ಕೊಟ್ಟು, ಇಡೀ ಮೆಸ್ಸಿನಲ್ಲಿ ನಗೆಪಾಟಲಾದವಳು ನಾನು. ಈಗ ಈರುಳ್ಳಿ ಸಾಂಬಾರೆಂದರೆ ಪ್ರಾಣ. ಆದರೂ ಪಕ್ಕದ ಬೀದಿಯಲ್ಲಿ ಈರುಳ್ಳಿ ಹೆಚ್ಚಿದರೆ ನನ್ನ ಮೂಗಿಗೆ ಗೊತ್ತಾಗುತ್ತದೆ.

ಹಾಸ್ಟೆಲ್ಲಿಗೆ ಹೋದದ್ದು ಡೇರಿ ಟೆಕ್ನಾಲಜಿ ಓದಲು. ನಮ್ಮ ವಂಶದಲ್ಲಿ ಡಿಗ್ರಿ ಎಂದು ಕೈಯಲ್ಲಿ ಹಿಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಲ್ಯಾಣಮಂಟಪಗಳ ಉಗ್ರಾಣದಲ್ಲಿ, ಬಾಳೆಲೆಯ ಕಟ್ಟುಗಳ ಮೇಲೆ ಕೂತು ಓದಿದ ಡಿಗ್ರಿ ಅದು. ನಮ್ಮ ಸೋದರತ್ತೆ, "ಹಾಲು ಕಾಯಿಸೋಕೂ ಡಿಗ್ರಿ ಬೇಕೇನೇ?" ಎಂದು ಊರಿಗೆಲ್ಲ ಕೇಳುವಂತೆ ನಕ್ಕಿದ್ದರು. ಆಮೇಲೆ ಮದುವೆಯಾಗಿ ಇಲ್ಲಿಗೆ ಬಂದೆ. ಗಂಡನ ವೀಸಾದ ಬಾಲ ಹಿಡಿದು ಬಂದವರಿಗೆ ಕೆಲಸ ಮಾಡಲು ಅನುಮತಿ ಇರಲಿಲ್ಲ. ಡಿಗ್ರಿ ಸೂಟ್‌ಕೇಸಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ ವರ್ಷಗಟ್ಟಲೆ ಮಲಗಿತ್ತು. ಮಗಳಿಗೆ ಹಾಲು ಕಾಯಿಸುವಾಗಲೆಲ್ಲ ಸೋದರತ್ತೆಯ ಮಾತು ನೆನಪಾಗುತ್ತಿತ್ತು.

ಕೊನೆಗೆ ಕೆಲಸದ ಅನುಮತಿ ಬಂದದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ. ಯಾರೂ ಕೆಲಸಕ್ಕೆ ಕರೆಯದ ಕಾಲ. ಕರೆದವರು ಒಬ್ಬರೇ, ಪಿಟ್ಸ್‌ಬರೋ ದಾರಿಯಲ್ಲಿ ಸಣ್ಣದೊಂದು ಚೀಸ್ ಕೋಣೆ ಇಟ್ಟುಕೊಂಡಿದ್ದ ಕಾರ್ಲೊ. ಎಪ್ಪತ್ತರ ಹತ್ತಿರದ ಮನುಷ್ಯ, ಕುಳ್ಳು, ಮುಂಗೈಯೆಲ್ಲ ಬಿಳಿ ರೋಮ. ಇಟಲಿಯಿಂದ ಬಂದ ಅಜ್ಜಿಯ ಕೈಯಲ್ಲಿ ಸ್ಟ್ರಾಕಿನೊ ಕಲಿತವರು. ಸಂದರ್ಶನಕ್ಕೆ ನಾನು ಪ್ಲಾಸ್ಟಿಕ್ ಫೈಲಿನಲ್ಲಿ ಡಿಗ್ರಿ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿದ್ದೆ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, "ಓಹೋ, ಪ್ರೊಫೆಸರ್ ಬಂದಿದಾರೆ! ಪಾತ್ರೆ ತೊಳೆಯೋಕೆ ಬರುತ್ತಾ?" ಎಂದರು.

"ಅಡುಗೆಭಟ್ಟರ ಮಗಳು ನಾನು. ನಿಮಗಿಂತ ಚೆನ್ನಾಗಿ ಬರುತ್ತೆ" ಎಂದೆ. ಅವತ್ತಿನಿಂದ ನಾನು ಪ್ರೊಫೆಸರ್. ಅವರನ್ನು ಬರಿ ಹೆಸರಿನಿಂದ ಕರೆಯಲು ನನಗೆ ಬಾಯಿ ಬರಲಿಲ್ಲ, ಕಾರ್ಲೊ ಅಂಕಲ್ ಎಂದೆ. ಅದು ಅವರಿಗೆ ಬಹಳ ಹಿಡಿಸಿ, ಹಾಲಿನ ಲಾರಿಯವನಿಗೂ ತನ್ನನ್ನು ಅಂಕಲ್ ಎನ್ನಬೇಕೆಂದು ಹೇಳಿದರು. ಅವನು ಅನ್ನಲಿಲ್ಲ.

ನಾನು ಚೀಸು ತಿನ್ನುವುದಿಲ್ಲ ಎಂಬುದು ಮೊದಲ ವಾರವೇ ಅವರಿಗೆ ಗೊತ್ತಾಯಿತು. "ಹಾಲಿಂದ ಮಾಡಿದ್ದಲ್ವಾ? ನೀವು ಹಾಲು ಕುಡಿತೀರಲ್ವಾ?" ಎಂದು ವಾದಿಸಿದರು. ಹೆಪ್ಪಿನ ವಿಷಯ ವಿವರಿಸಿದೆ. ಸಸ್ಯದಿಂದ ಮಾಡಿದ ಹೆಪ್ಪೂ ಸಿಗುತ್ತದೆ, ಅದನ್ನು ಹಾಕಿದರೆ ನಾನೂ ತಿನ್ನುತ್ತೇನೆ ಎಂದೆ.

"ಸಿಗುತ್ತೆ" ಎಂದರು. "ನಿಮ್ಮಪ್ಪ ಸಾಂಬಾರಿಗೆ ಹುಣಸೆಹಣ್ಣಿನ ಬದಲು ಕೆಚಪ್ ಹಾಕ್ತಾರಾ, ಪ್ರೊಫೆಸರ್?"

ಅಲ್ಲಿಗೆ ಆ ಮಾತು ನಿಂತಿತು. ಅವರು ತಮ್ಮ ಅಜ್ಜಿಯನ್ನು ಬಿಡಲಿಲ್ಲ, ನಾನು ನಮ್ಮಪ್ಪನನ್ನು ಬಿಡಲಿಲ್ಲ. ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ನನ್ನದು ಕಾವು, ಹುಳಿ, ಶುಚಿ, ಅಂದರೆ ಮೀಟರುಗಳ ಲೋಕ. ರುಚಿ ಅವರದು. ಪ್ರತಿ ತೊಟ್ಟಿಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಹೂಂ ಎಂದರೆ ಅದು ಮಾರಾಟಕ್ಕೆ. ಉಹೂಂ ಎಂದರೆ ಪಕ್ಕದ ಫಾರ್ಮಿನ ಹಂದಿಗಳಿಗೆ ಹಬ್ಬ.

ನಾನು ಸೇರಿದ ಮೇಲಿನ ಎರಡನೆಯ ಚಳಿಗಾಲದಲ್ಲಿ ಅವರಿಗೆ ಕೋವಿಡ್ ಬಂತು. ಜ್ವರ ಬೇಗ ಇಳಿಯಿತು. ಮರಳಿ ಬಂದ ದಿನ ಚೀಸಿನ ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಇನ್ನೊಂದು ಚೂರು. ಆಮೇಲೆ ಮೇಜಿನ ಮೇಲಿದ್ದ ಕಾಫಿ. ಆಮೇಲೆ ಪಾತ್ರೆ ತೊಳೆಯುವ ದ್ರಾವಣದ ಡಬ್ಬ ತೆರೆದು ಮೂಗಿನ ಹತ್ತಿರ ಹಿಡಿದರು. ನಾನು ಓಡಿ ಹೋಗಿ ಕಿತ್ತುಕೊಂಡೆ.

"ಏನೂ ಇಲ್ಲ" ಎಂದರು. "ಮೇಣ ಅಗಿದ ಹಾಗಿದೆ."

ಬರುತ್ತದೆ, ಎಲ್ಲರಿಗೂ ಬರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ವಾರಗಳು ಹೋದವು, ಬರಲಿಲ್ಲ. ಅಳತೆಗಳೆಲ್ಲ ಸರಿಯಿದ್ದರೂ ಧೈರ್ಯ ಸಾಲದೆ ಒಂದರ ಮೇಲೊಂದು ತೊಟ್ಟಿ ಹಂದಿಗಳಿಗೆ ಹೋಯಿತು. ಒಂದು ಮಧ್ಯಾಹ್ನ ಅವರು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, "ನೋಡು, ನನಗೆ ಗೊತ್ತಿಲ್ಲದ್ದನ್ನ ಜನರಿಗೆ ತಿನ್ನಿಸೋನಲ್ಲ ನಾನು. ಮೂಗು ಬರದೇ ಇದ್ರೆ ಬೇಸಿಗೆ ಹೊತ್ತಿಗೆ ಮುಚ್ಚಿಬಿಡ್ತೀನಿ" ಎಂದರು. ಮುಚ್ಚಿದರೆ ಆ ಅಜ್ಜಿಯ ಚೀಸು ಅವರ ಜೊತೆಗೇ ಮುಗಿಯುತ್ತದೆ, ಮಕ್ಕಳು ಯಾರೂ ಕಲಿತಿರಲಿಲ್ಲ. ನನ್ನ ಡಿಗ್ರಿ ಮತ್ತೆ ಸೀರೆಗಳ ಕೆಳಗೆ. ಈ ಎರಡೂ ನನಗೆ ಸ್ಪಷ್ಟವಾಗಿ ಕಾಣಿಸಿದವು.

ಮರುದಿನ ಅವರು ಚೂರೊಂದನ್ನು ಚಾಕುವಿನ ತುದಿಯಲ್ಲಿ ಹಿಡಿದು ನನ್ನ ಮುಂದೆ ನಿಂತರು.

"ತಿನ್ನು ಪ್ರೊಫೆಸರ್. ಒಂದೇ ಸಲ. ನಿನ್ನ ದೇವರ ಹತ್ರ ನಾನು ಮಾತಾಡ್ತೀನಿ."

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ನಾನು ನಿಜವಾಗಿಯೂ ಯೋಚಿಸಿದೆ. ಅಷ್ಟು ದೊಡ್ಡ ಮನುಷ್ಯ ಕೈ ಚಾಚಿ ನಿಂತಿದ್ದಾರೆ. ಆದರೆ ಯೋಚಿಸುತ್ತ ಹೋದಂತೆ ಶಾಸ್ತ್ರದ ಪ್ರಶ್ನೆ ಹಿಂದೆ ಸರಿದು ಬೇರೆಯದೇ ಎದ್ದು ನಿಂತಿತು.

"ತಿಂದು ಏನು ಪ್ರಯೋಜನ ಅಂಕಲ್? ಸರಿಯಾದ ರುಚಿ ಯಾವುದು ಅಂತ ನನಗೆ ಗೊತ್ತೇ ಇಲ್ಲವಲ್ಲ. ಇದು ಚೆನ್ನಾಗಿದೆ ಅಂದರೆ ಯಾವುದಕ್ಕಿಂತ ಚೆನ್ನಾಗಿದೆ ಅಂತ ಹೇಳಲಿ?"

ಅವರು ಚಾಕು ಕೆಳಗಿಟ್ಟರು. ಕೋಪ ಬಂತೋ ಎಂದುಕೊಂಡೆ. "ಹಾಗಾದ್ರೆ ನಿನಗೆ ಏನು ಗೊತ್ತು?" ಎಂದು ಕೇಳಿದರು. ಚುಚ್ಚುಮಾತಲ್ಲ, ತಿಳಿಯಬೇಕೆಂದೇ ಕೇಳಿದ್ದು.

ಗೊತ್ತಿದ್ದದ್ದನ್ನು ಹೇಳಿದೆ. ಒಳ್ಳೆಯ ದಿನ ಗಟ್ಟಿಯಾದ ಹಾಲಿಗೆ ಬೆರಳು ಹಾಕಿ ಎತ್ತಿದರೆ ಅದು ನೇರವಾಗಿ ಸೀಳುತ್ತದೆ, ಸೀಳಿನಲ್ಲಿ ನಿಲ್ಲುವ ನೀರು ತೆಳು ಹಸಿರಾಗಿರುತ್ತದೆ. ಒಳ್ಳೆಯ ದಿನ ಅಚ್ಚಿನಲ್ಲಿ ಮಗುಚುವಾಗ ಅದು ಪಿಚಕ್ಕೆನ್ನದೆ ದಪ್ಪೆಂದು ಬೀಳುತ್ತದೆ. ಮೂರನೆಯ ದಿನ ಅಂಗೈ ಮೇಲಿಟ್ಟುಕೊಂಡರೆ ಮಗುವಿನ ಕೆನ್ನೆಯ ಹಾಗೆ ಕೂರುತ್ತದೆ. ನೀವು ಉಹೂಂ ಎಂದವೆಲ್ಲ ನನ್ನ ಕೈಗೆ ಮೊದಲೇ ಗೊತ್ತಾಗಿರುತ್ತಿದ್ದವು, ನಾನು ಬಾಯಿ ಬಿಡುತ್ತಿರಲಿಲ್ಲ ಅಷ್ಟೆ, ಎಂದೆ. ನಮ್ಮಪ್ಪನ ಸಾರಿನ ಕತೆಯನ್ನೂ ಹೇಳಿದೆ. ಐನೂರು ಜನಕ್ಕೆ, ರುಚಿ ನೋಡದೆ!

"ಐನೂರು ಜನ! ಯಾರೂ ಹೊಡೀಲಿಲ್ವಾ ಅವರಿಗೆ?" ಎಂದು ಕಾರ್ಲೊ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು.

ಹೀಗೆ ಇಬ್ಬರು, ಒಬ್ಬರಿಗೆ ರುಚಿ ಸಿಗುವುದಿಲ್ಲ, ಇನ್ನೊಬ್ಬಳು ರುಚಿ ನೋಡುವುದಿಲ್ಲ, ಸೇರಿ ಚೀಸು ಮಾಡಲು ಕೂತೆವು. ಅವರು ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಹಾಕಿ, ಈವರೆಗೆ ನಾಲಿಗೆಗೆ ಬಿಟ್ಟಿದ್ದ ಕೆಲಸವನ್ನು ತಮ್ಮ ಬೆರಳಿಗೆ ಕಲಿಸಿದರು. ತೀರ್ಪು ಕೊಡಲು ಮಾತ್ರ ಒಬ್ಬರು ಬೇಕಲ್ಲ. ದೂರದ ರಾಕ್‌ವಿಲ್‌ನಲ್ಲಿ ಕಾರ್ಲೊ ಅವರ ಅಕ್ಕ ರೋಸಾ ಇದ್ದರು. ಅದೇ ಅಜ್ಜಿಯ ಚೀಸು ತಿಂದು ಬೆಳೆದವರು, ಮಾಡಲು ಬಾರದವರು, ಮುಖಸ್ತುತಿ ಎಂದರೆ ಏನೆಂದೇ ತಿಳಿಯದವರು. ಮಗನ ಕಾರಿನಲ್ಲಿ ಕೂತು ಬಂದರು. ತಮ್ಮನ ಮುಖ ನೋಡಿ, "ಇಳಿದು ಹೋಗಿದೀಯ" ಎಂದರು. ನನ್ನನ್ನು ನೋಡಿ, "ಇವಳಾ ತಿನ್ನದೇ ಇರೋಳು?" ಎಂದರು. ಬ್ರೆಡ್ಡಿನ ಮೇಲೆ ಸವರಿದ ಚೀಸನ್ನು ಕಚ್ಚಿದರು, ಅಗಿದರು, ಕಾಗದದ ಕರವಸ್ತ್ರಕ್ಕೆ ಉಗಿದರು.

"ಮೈ ಸರಿಯಾಗಿದೆ, ಅಜ್ಜಿ ಮಾಡಿದ ಹಾಗೇ ಇದೆ. ಬಾಯಿಗಿಟ್ಟರೆ ಕೆಟ್ಟದಾಗಿದೆ. ಏನೋ ಕಳೆ ಜಗಿದ ಹಾಗೆ."

"ಏನು ಕಳೆ?" ಎಂದರು ಕಾರ್ಲೊ.

"ನನಗೇನು ಗೊತ್ತು? ನಾನು ಹಸುವಾ?"

ಕಾರ್ಲೊ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ರೋಸಾ ಕಿಟಕಿಯಿಂದ ಅವರ ಬೆನ್ನು ನೋಡುತ್ತ, ಈ ಸಲ ದನಿ ತಗ್ಗಿಸಿ, "ಇದನ್ನ ನಿಲ್ಲಿಸಿದ್ರೆ ಅವನು ಬೆಳಿಗ್ಗೆ ಯಾಕೆ ಏಳಬೇಕು ಹೇಳು" ಎಂದು ನನ್ನನ್ನು ಕೇಳಿದರು. ಕೈಗೆ ಗೊತ್ತಾಗುವುದಕ್ಕೆ ಒಂದು ಎಲ್ಲೆ ಇದೆ, ಕೆಟ್ಟ ರುಚಿ ಬೆರಳಿಗೆ ತಾಗುವುದಿಲ್ಲ ಎಂಬುದಷ್ಟೇ ಅವತ್ತು ತಿಳಿದದ್ದು.

ಭಾನುವಾರ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಈಗ ಅವರು ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ, ಸೊಸೆಯ ಅಡುಗೆಗೆ ದಿನಾ ಒಂದು ತಪ್ಪು ಹುಡುಕಿಕೊಂಡು ಗಟ್ಟಿಮುಟ್ಟಾಗಿದ್ದಾರೆ.

"ಅಪ್ಪ, ಮಡೀಲಿ ಅಡುಗೆ ಮಾಡುವಾಗ ಸೌತೆಕಾಯಿ ಕಹಿ ಇದ್ರೆ ಹೇಗೆ ಗೊತ್ತಾಗ್ತಿತ್ತು ನಿಂಗೆ?"

"ಹೇಗೆ ಅಂದ್ರೆ? ಸಂತೇಲೇ ಕಚ್ಚಿ ನೋಡ್ತಿದ್ದೆ."

"ಕಚ್ಚಿ ನೋಡ್ತಿದ್ಯಾ? ನಾನು ಪಾಯಸಕ್ಕೆ ಬೆರಳು ಅದ್ದಿದ್ದಕ್ಕೆ ಸೌಟಲ್ಲಿ ಬಾರಿಸಿದ್ದೆಯಲ್ಲಪ್ಪ!"

"ಪಾಯಸ ಆದ್ಮೇಲೆ ಅದ್ದಿದ್ದೆ, ಅದಕ್ಕೆ ಬಾರಿಸ್ದೆ. ಒಲೆ ಮೇಲೆ ಇಟ್ಟ ಮೇಲೆ ನೋಡಬಾರದು ಕಣೆ. ಅದಕ್ಕೆ ಮುಂಚೆ ನೋಡಬೇಡ ಅಂತ ಯಾರಂದ್ರು? ಬೆಲ್ಲ, ಕಾಯಿ, ಸೌತೆಕಾಯಿ, ಎಲ್ಲಾ ಬಾಯಿಗೆ ಹಾಕ್ಕೊಂಡೇ ಕೊಳ್ತಿದ್ದದ್ದು. ಅಂಗಡಿಯೋರು ನನ್ನ ಕಂಡ್ರೆ ಮೂಟೆ ಬಾಯಿ ಕಟ್ಟೋರು."

ಫೋನಿಟ್ಟ ಮೇಲೆ ನನ್ನ ಹಳೆಯ ಪಾಠವೂ ನೆನಪಾಯಿತು. ಡೇರಿಯ ಬಾಗಿಲಿಗೆ ಹಾಲು ಬಂದಾಗ ಮಾಡುವ ಪರೀಕ್ಷೆಗಳಲ್ಲಿ ಮೊದಲನೆಯದು ಮೂಗಿನದು, ಎರಡನೆಯದು ನಾಲಿಗೆಯದು, ಮೀಟರು ಅದಾದ ಮೇಲೆ. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವಳು ನಾನು. ಅಪ್ಪ ಹೇಳಿದ್ದೂ ಪುಸ್ತಕ ಹೇಳಿದ್ದೂ ಒಂದೇ. ಕರುವಿನ ಹೆಪ್ಪು ಬೀಳುವ ಮುಂಚೆ ಅದು ಬರಿ ಹಾಲು. ಹಾಲನ್ನು ನಾನು ಧಾರಾಳವಾಗಿ ಕುಡಿಯಬಹುದು!

ಮರುದಿನ ಬೆಳಿಗ್ಗೆ ಹಾಲಿನ ಲಾರಿ ಬಂದಾಗ ಒಂದು ಸೌಟು ಹಾಲು ತೆಗೆದೆ. ಹಸಿ ಹಾಲು ಕುಡಿಯುವ ಅಭ್ಯಾಸ ನಮ್ಮಲ್ಲಿಲ್ಲ, ಒಲೆಯ ಮೇಲಿಟ್ಟು ಕಾಯಿಸಿದೆ. ಲೋಟ ಹಿಡಿದು ಹೊರಗೆ ಬಂದೆ, ಮಾಸ್ಕ್ ಕೆಳಗೆಳೆದೆ. ಲೋಟ ತುಟಿಗೆ ತಾಗುವ ಮುಂಚೆಯೇ ಗೊತ್ತಾಯಿತು. ಹಾಸ್ಟೆಲ್ಲಿನ ಉಪ್ಪಿಟ್ಟು.

"ಅಂಕಲ್, ಹಾಲಲ್ಲಿ ಈರುಳ್ಳಿ ಇದೆ."

"ಈರುಳ್ಳಿ?" ಕಾರ್ಲೊ ಅಭ್ಯಾಸಬಲದಿಂದ ಲೋಟಕ್ಕೆ ಮೂಗಿಟ್ಟರು. ಆಮೇಲೆ ಹಣೆ ಚಚ್ಚಿಕೊಂಡರು. ಇಲ್ಲಿ ಚಳಿ ಹಿಂದೆಗೆಯುವ ಹೊತ್ತಿಗೆ ಹುಲ್ಲಿಗಿಂತ ಮುಂಚೆ ಹೊಲದಲ್ಲಿ ಚಿಗುರುವುದು ಕಾಡು ಈರುಳ್ಳಿ. ಹಸಿರು ಕಂಡ ಹಸುಗಳು ಬಿಡುತ್ತವೆಯೇ? ಪ್ರತಿ ವರ್ಷವೂ ಆ ದಿನಗಳಲ್ಲಿ ಕಾರ್ಲೊ ಹಾಲಿನ ಮುಚ್ಚಳ ತೆಗೆಯುತ್ತಲೇ ಮುಖ ಕಿವುಚಿ ವಾಪಸು ಕಳಿಸುತ್ತಿದ್ದರಂತೆ. ಎಷ್ಟು ಸಹಜವಾಗಿ ಮಾಡುತ್ತಿದ್ದರೆಂದರೆ ಅದೊಂದು ಕೆಲಸವೆಂದೇ ಅವರಿಗೆ ಅನ್ನಿಸಿರಲಿಲ್ಲ, ಆದ್ದರಿಂದ ನನಗೆ ಹೇಳಿಕೊಟ್ಟಿರಲೂ ಇಲ್ಲ. ಈ ಸಲ ಅವರಿಗೆ ಮೂಗಿಲ್ಲ, ನನ್ನ ಮೂಗು ಮಾಸ್ಕಿನೊಳಗೆ.

ಹಸುಗಳ ಯಜಮಾನನಿಗೆ ಫೋನ್ ಹೋಯಿತು. ಹಾಲು ಕರೆಯುವುದಕ್ಕೆ ಕೆಲವು ಗಂಟೆ ಮುಂಚೆ ಹಸುಗಳನ್ನು ಆ ಹೊಲದಿಂದ ಹೊಡೆದು ಒಣಹುಲ್ಲಿಗೆ ಕಟ್ಟುವುದೆಂದಾಯಿತು. ದಿನಾ ಬೆಳಿಗ್ಗೆ ಒಂದು ಲೋಟ ಹಾಲು ನನ್ನ ಪಾಲಿಗೆ ಬಂತು. ಅವತ್ತು ಇಡೀ ಮಧ್ಯಾಹ್ನ ಕಾರ್ಲೊ ನನ್ನನ್ನು ಕೆಣಕಿದರು. ಜಗತ್ತಿನಲ್ಲಿ ಈರುಳ್ಳಿ ತಿನ್ನದೆ ಬೆಳೆದ ಒಬ್ಬಳನ್ನು ಹುಡುಕಿ ಕೆಲಸಕ್ಕೆ ಇಟ್ಟುಕೊಂಡ ತನ್ನ ಜಾಣತನವನ್ನು ಹಾಡಿ ಹೊಗಳಿಕೊಂಡರು. ರೋಸಾಗೆ ಹೊಸ ಹಾಲಿನ ಚೀಸನ್ನು ಐಸಿನಲ್ಲಿಟ್ಟು ಕಳಿಸಿದೆವು. ಅವರು ಫೋನ್ ಮಾಡಿ, "ಇನ್ನೂ ಎರಡು ಕಳಿಸು" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಕಾರ್ಲೊ ಆಗಲೇ ಕಾಗದ ಹರಿದು ಇನ್ನೆರಡು ಚೌಕ ಸುತ್ತತೊಡಗಿದರು. ಬೇಸಿಗೆಯಲ್ಲಿ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಅದಾಗಿ ಕೆಲವು ವರ್ಷ. ಅವರ ಮೂಗು ಬರಲೇ ಇಲ್ಲ. ಬೆಳಿಗ್ಗೆ ನಾನು ಹಾಲು ಕುಡಿಯುತ್ತೇನೆ, ಅವರು ಹೆಪ್ಪಿನ ಅಳತೆಪಾತ್ರೆ ಹಿಡಿದು ನನ್ನ ಮುಖ ನೋಡುತ್ತಾರೆ, ನಾನು ಹೂಂ ಎಂದರೆ ಸುರಿಯುತ್ತಾರೆ. ಅಲ್ಲಿಂದಾಚೆ ಎರಡು ಜೊತೆ ಕೈಗಳ ಕೆಲಸ.

ಮೊನ್ನೆ ಮಂಗಳವಾರ ನಾನು ಹಾಲು ಕಾಯಿಸುತ್ತಿದ್ದಾಗ ಅವರು ಹಿಂದಿನಿಂದ ಬಂದು ಪಾತ್ರೆಯ ಮೇಲೆ ಬಗ್ಗಿದರು. ತಟ್ಟನೆ ಹಿಂದಕ್ಕೆ ಸರಿದರು.

"ಸುಟ್ಟಿದೆ."

ನಾನು ಒಂದು ಗುಟುಕು ಕುಡಿದೆ. ಮತ್ತೊಂದು ಕುಡಿದೆ. "ಇಲ್ಲ ಅಂಕಲ್. ಚೆನ್ನಾಗಿದೆ."

"ನನಗೆ ವಾಸನೆ ಬರ್ತಿದೆ, ಪ್ರೊಫೆಸರ್. ಸುಟ್ಟ ವಾಸನೆ."

ಕಳೆದುಹೋದ ಮೂಗು ಮರಳುವಾಗ ಕೆಲವರಿಗೆ ಮೊದಲು ಸುಳ್ಳು ಹೇಳುತ್ತದೆ ಎಂದು ಎಲ್ಲೋ ಓದಿದ್ದೆ, ಅದನ್ನೇ ಹೇಳಿದೆ. ಅವರು ಮತ್ತೆ ಬಗ್ಗಿ ಮೂಸಿದರು, ಮುಖ ಕಿವುಚಿದರು. ಅಷ್ಟು ವರ್ಷದ ಮೇಲೆ ಮೂಗು ಮೊದಲ ಸಲ ಬಾಯಿ ಬಿಟ್ಟಿದೆ, ಅದರ ಮಾತು ಕೇಳಬೇಡಿ ಎನ್ನುತ್ತಿದ್ದೇನೆ ನಾನು. ತೊಟ್ಟಿಯ ತುಂಬ ಹಾಲು ಕಾಯುತ್ತಿತ್ತು. ಅವರು ತಮ್ಮ ಮೂಗನ್ನು ಒಮ್ಮೆ ಉಜ್ಜಿಕೊಂಡು, ನನ್ನನ್ನು ನೋಡಿ, ಅಳತೆಪಾತ್ರೆ ಎತ್ತಿ ಹೆಪ್ಪು ಸುರಿದರು.

ಆಮೇಲೆ ಕೋಣೆಯೆಲ್ಲ ಸುತ್ತಿದರು. ಕಾಫಿ ಮೂಸಿದರು, ಏಪ್ರನ್ ಮೂಸಿದರು, ಉಪ್ಪಿನ ಚೀಲ ಮೂಸಿದರು. ಬಾಗಿಲು ತೆರೆದು ಹೊರಗೆ ಹೋಗಿ ಒಂದು ಹಿಡಿ ಹುಲ್ಲು ಕಿತ್ತು ಮುಖಕ್ಕೆ ಒತ್ತಿಕೊಂಡರು. "ಇದೂ ಸುಟ್ಟಿದೆ!" ಎಂದು ಅಲ್ಲಿಂದಲೇ ಕೂಗಿದರು. ಹಾಲಿನ ಲಾರಿಯವನು ಗಾಬರಿಯಾಗಿ ಇಂಜಿನ್ ಆರಿಸಿ ಕೆಳಗಿಳಿದ. ಕಾರ್ಲೊ ಅವನ ಅಂಗಿಯ ತೋಳು ಹಿಡಿದು ಮೂಸಿ, "ಇದೂನೂ!" ಎಂದು ಚಪ್ಪಾಳೆ ತಟ್ಟಿದರು. ನಾನು ಒಳಗೆ ತೊಟ್ಟಿಯ ಪಕ್ಕ, ಹಾಲು ಗಟ್ಟಿಯಾಗಲೆಂದು ಕಾಯುತ್ತ, ಕೈ ತೊಳೆದುಕೊಂಡು ನಿಂತಿದ್ದೆ.